ಹೋಲಿಕೆಯ ರಕ್ತ

ಕುರೆಯ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ
ನರ್ಸ್ ನನ್ನ ಮೊಣಕೈ ತಟ್ಟುತ್ತಾಳೆ, ನರ ಸಿಗುವುದಿಲ್ಲ.
ಹದಿನೆಂಟು ಚಳಿಗಾಲ ಸಿಂಪಿ ಬಿಡಿಸಿದ ಕೈ;
ತಣ್ಣೀರಿಗೆ ಹೆದರಿ ರಕ್ತ ಒಳಗೆಲ್ಲೋ ಅಡಗಿದೆ.
"ಮುಷ್ಟಿ ಬಿಗಿಮಾಡಿ, ತೊಮೊಯೆ ಸಾನ್."
ಬಿಗಿಮಾಡುತ್ತೇನೆ. ಅದೊಂದು ನನಗೆ ಗೊತ್ತು.

ಇದೇ ಕಟ್ಟಡದ ಐದನೇ ಮಹಡಿಯಲ್ಲಿ ನನ್ನ ಅಣ್ಣ.
ಸಿಂಪಿ ಲಾರಿ ಓಡಿಸುತ್ತಿದ್ದ, ರಾತ್ರಿಯೆಲ್ಲ, ಒಸಾಕಾದ ಮಾರುಕಟ್ಟೆಗೆ.
ಬೆಳಗಾಗುವ ಮುಂಚೆ ಮಂಜುಗಡ್ಡೆ ಕರಗಬಾರದು,
ಕಣ್ಣು ಮುಚ್ಚಬಾರದು. ಮುಚ್ಚಲಿಲ್ಲ.
ಮೊದಲು ಒಂದು ರಾತ್ರಿ, ಆಮೇಲೆ ಒಟ್ಟಿಗೇ ನಾಲ್ಕು,
ಆಮೇಲೆ ಫ್ರಿಜ್ಜು ಅವನನ್ನು ಹೆಸರು ಹಿಡಿದು ಕರೆಯತೊಡಗಿತು.
ಗೋಡೆಯ ಪ್ಲಗ್ಗಿನ ತೂತುಗಳಿಗೆಲ್ಲ ಟೇಪು ಅಂಟಿಸಿದ.
ಪಕ್ಕದ ಮನೆಯ ಮುದುಕಿ ಬಟ್ಟೆ ಒಣಹಾಕುವ ಕ್ರಮದಲ್ಲೇ
ಪೊಲೀಸರಿಗೆ ಸುಳಿವು ಕೊಡುತ್ತಾಳೆಂದ:
ಮೊದಲು ಬಿಳಿ ಅಂಗಿ, ಆಮೇಲೆ ಎರಡು ಕಾಲುಚೀಲ.
ಒಂದು ದಿನ ನಾನೂ ನಿಂತು ನೋಡಿದೆ.
ಬಿಳಿ ಅಂಗಿ. ಎರಡು ಕಾಲುಚೀಲ.
ಒಂದು ಕ್ಷಣ ನಂಬಿದೆ.

ಪುಡಿ ಬಿಟ್ಟು ಏಳು ತಿಂಗಳು. ದನಿಗಳು ಅವನನ್ನು ಬಿಟ್ಟಿಲ್ಲ.
"ಕೆಲವರಿಗೆ ಹೀಗೆ," ಎಂದರು ಡಾಕ್ಟರ್ ಉಕಿತಾ,
"ಪುಡಿ ಹೊರಟುಹೋದರೂ ಅದು ತೆರೆದ ಬಾಗಿಲು ಮುಚ್ಚಿಕೊಳ್ಳುವುದಿಲ್ಲ.
ಕೆಲವರಿಗೇಕೆ, ಉಳಿದವರಿಗೇಕಿಲ್ಲ,
ಅದನ್ನೇ ರಕ್ತದೊಳಗೆ ಹುಡುಕುತ್ತಿದ್ದೇವೆ."
ಒಂದೇ ಜೀನ್ ಅಲ್ಲವಂತೆ, ಎಷ್ಟೋ ಇರಬಹುದಂತೆ;
ಪ್ರತಿಯೊಂದೂ ತಕ್ಕಡಿಗೆ ಬೀಳುವ ಒಂದೊಂದು ಅಕ್ಕಿಕಾಳು.
ಯಾವ ಕಾಳಿಗೆ ತಟ್ಟೆ ಕೆಳಗಿಳಿಯಿತೆಂದು ಹೇಳಲಾಗದಂತೆ.

ಅಮ್ಮನಿಗೆ ಅಷ್ಟು ತಾಳ್ಮೆಯಿಲ್ಲ.
ನೇರ ತನ್ನ ಮಾವನ ಪಟದತ್ತ ಬೆರಳು ಮಾಡುತ್ತಾಳೆ.
ಯುದ್ಧಕಾಲದ ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುತ್ತಿದ್ದವನು.
ರಾತ್ರಿಪಾಳಿಗೆ ನಿದ್ದೆ ಬಾರದಿರಲೆಂದು ಮಾತ್ರೆ ಹಂಚುತ್ತಿದ್ದರಂತೆ,
ಚಹದ ಜೊತೆಗೆ, ತಲೆಗಿಷ್ಟು ಅಂತ.
ಯುದ್ಧ ಮುಗಿಯಿತು. ಅವನಿಗೆ ಮಾತ್ರೆ ಮುಗಿಯಲಿಲ್ಲ.
"ಹಣೆಬರಹ ಓದಲು ಹಣೆಯೇ ಬೇಕೆ? ಆ ಗದ್ದ ನೋಡು,
ಶಿಗೆಹಿಕೊನದು, ಅಚ್ಚು ಹಾಕಿದ ಹಾಗೆ!"
ನನ್ನ ಗದ್ದವೂ ಅದೇ ಎಂಬುದನ್ನು ಅವಳು ಹೇಳುವುದಿಲ್ಲ.

ನಾನು ಬಂದಿರುವುದು ಆರೋಗ್ಯವಂತರ ಪಟ್ಟಿಗೆ.
ರೋಗಿಯ ರಕ್ತದ ಪಕ್ಕ ಇಟ್ಟು ನೋಡಲು
ಒಂದು ನೆಟ್ಟಗಿನ ರಕ್ತ ಬೇಕಂತೆ.
ಸೂಜಿ ಮುಗಿದ ಮೇಲೆ ಪ್ರಶ್ನೆಗಳ ಹಾಳೆ. ಹನ್ನೊಂದನೆಯದು:
ಎಂದಾದರೂ, ಒಮ್ಮೆಯಾದರೂ, ಸೇವಿಸಿದ್ದೀರಾ?

ಹತ್ತೊಂಬತ್ತರಲ್ಲಿ. ಜೆಟ್ಟಿಯ ಹಿಂದೆ, ಅವನ ಲಾರಿಯ ಕ್ಯಾಬಿನ್ನಿನಲ್ಲಿ,
ಇಬ್ಬರಿಗೂ ಒಂದೇ ಲೈಟರಿನ ಬೆಂಕಿ.
ನನಗೆ ಬಾಯಿ ಒಣಗಿತು, ಎದೆ ಹೊಡೆದುಕೊಂಡಿತು,
ಬೆಳಗಿನವರೆಗೂ ಹಲ್ಲು ಕಡಿದೆ. ಸಾಕಪ್ಪಾ ಸಾಕು ಅನಿಸಿತು.
ಅದೇನು ನನ್ನ ಒಳ್ಳೆಯತನವಲ್ಲ,
ಕೆಲವರಿಗೆ ಹಸಿ ಸಿಂಪಿ ಒಗ್ಗುವುದಿಲ್ಲವಲ್ಲ, ಹಾಗೆ.
ಅವನು ಸ್ಟಿಯರಿಂಗಿನ ಮೇಲೆ ಗದ್ದವಿಟ್ಟು
ಕೊಲ್ಲಿಯಲ್ಲಿ ತೇಲುವ ತೆಪ್ಪಗಳನ್ನು ನೋಡುತ್ತ ಮೆಲ್ಲಗೆ ಕೇಳಿದ:
"ತೊಮೊ, ನೀವೆಲ್ಲ ದಿನಾ ಹೀಗೇ ಇರುತ್ತೀರಾ?"

ಹೌದು ಎಂಬ ಚೌಕಕ್ಕೆ ಗುರುತು ಹಾಕಿದೆ.

ಸಂಶೋಧಕ ಇನ್ನೂ ಹುಡುಗ. ಎರಡು ಸಲ ಬಾಗಿ ಕ್ಷಮೆ ಕೇಳಿದ.
ಹಾಗಿದ್ದರೆ ನೀವು ಹೋಲಿಕೆಗೆ ಬರುವುದಿಲ್ಲ;
ಒಂದೇ ಸಲವಾದ್ದರಿಂದ ವ್ಯಸನಿಗಳ ಪಟ್ಟಿಗೂ ಬರುವುದಿಲ್ಲ.
ನನ್ನ ಮೂರು ನಳಿಗೆಗಳು, ಇನ್ನೂ ಬೆಚ್ಚಗಿದ್ದವೇನೋ,
ಹಳದಿ ಡಬ್ಬಕ್ಕೆ ಬಿದ್ದವು.

ಐದನೇ ಮಹಡಿಗೆ ಮೆಟ್ಟಿಲು ಹತ್ತಿಯೇ ಹೋದೆ.
ಶಿಗೆಹಿಕೊ ಕಿಟಕಿಯ ಬಳಿ ಕಿವಿಗೊಟ್ಟು ಕೂತಿದ್ದ.
ನನ್ನ ತೋಳಿನ ಹತ್ತಿಯನ್ನು ನೋಡಿದ. "ಏನು ಸಿಕ್ಕಿತಂತೆ?"
"ಏನೂ ಇಲ್ಲ. ಚೆಲ್ಲಿಬಿಟ್ಟರು."
ನಕ್ಕ, ಎಷ್ಟೋ ತಿಂಗಳ ಮೇಲೆ, ಗದ್ದ ಕುಣಿಯುವ ಹಾಗೆ.
ಆಮೇಲೆ ತಲೆ ತುಸು ಓರೆಮಾಡಿ, ತಗ್ಗಿದ ದನಿಯಲ್ಲಿ,
ನನಗೆ ಕಾಣದವರಿಗೆ
ಆ ಸುದ್ದಿ ಮುಟ್ಟಿಸಿದ.